ಆದೇಶವೋ ಕರಾರೋ: ಜರ್ಮನ್ ಆಡಳಿತ ಕಾನೂನಿನಲ್ಲಿ ರೂಪದ ಆಯ್ಕೆ

ಜರ್ಮನಿಯಲ್ಲಿ ಭೂಮಾಲೀಕರಾಗಲಿ, ಕಂಪನಿಯಾಗಲಿ, ಸೇವಾ ಸಂಸ್ಥೆಯಾಗಲಿ ಸರ್ಕಾರಿ ಪ್ರಾಧಿಕಾರದ ಜೊತೆ ಮಾತುಕತೆಗೆ ಕುಳಿತರೆ, ಆ ಮಾತುಕತೆ ಬಹುಮಟ್ಟಿಗೆ ಮೂರು ರೂಪಗಳಲ್ಲಿ ಒಂದನ್ನು ತಾಳುತ್ತದೆ. ಪ್ರಾಧಿಕಾರ ಏಕಪಕ್ಷೀಯವಾಗಿ ಹೊರಡಿಸುವ ಆಡಳಿತಾತ್ಮಕ ಆದೇಶ ಮೊದಲನೆಯದು; ಕಟ್ಟಡ ಪರವಾನಗಿ, ಅನುದಾನದ ಮಂಜೂರಾತಿ, ಶುಲ್ಕದ ನೋಟಿಸು, ಅಕ್ರಮ ಕಟ್ಟಡ ತೆರವಿನ ಆಜ್ಞೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಎರಡನೆಯದು ಇಬ್ಬರೂ ಸಹಿ ಹಾಕುವ ಸಾರ್ವಜನಿಕ ಕಾನೂನಿನ ಕರಾರು. ಮೂರನೆಯದು ಪ್ರಾಧಿಕಾರವೂ ಸಾಮಾನ್ಯ ವ್ಯವಹಾರಸ್ಥನ ಹಾಗೆ ಮಾಡಿಕೊಳ್ಳುವ ಖಾಸಗಿ ಕಾನೂನಿನ ಕರಾರು. ತಪ್ಪಾದರೆ ಎಷ್ಟು ದಿನದೊಳಗೆ ಪ್ರಶ್ನಿಸಬೇಕು, ಯಾವ ನ್ಯಾಯಾಲಯದ ಬಾಗಿಲು ತಟ್ಟಬೇಕು, ಬಾಕಿ ಹಣಕ್ಕಾಗಿ ಪ್ರಾಧಿಕಾರ ನೇರವಾಗಿ ಜಪ್ತಿಗೆ ಇಳಿಯಬಹುದೇ ಎಂಬ ಪ್ರಶ್ನೆಗಳ ಉತ್ತರವೆಲ್ಲ ಈ ರೂಪದ ಮೇಲೆ ನಿಂತಿದೆ. ಆದ್ದರಿಂದ ಮೊತ್ತ, ಗಡುವುಗಳ ಚೌಕಾಸಿಗೆ ಮೊದಲು ರೂಪವನ್ನು ಯೋಚಿಸಬೇಕು.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಆದೇಶದಿಂದ ನಡೆಯುವ ಕೆಲಸಕ್ಕೆ ಕರಾರು ಬೇಡ. ಆದೇಶದ ಮೂಲಕ ಕಾನೂನುಬದ್ಧವಾಗಿ ಪಡೆಯಲಾಗದ ಏನನ್ನಾದರೂ ಎರಡೂ ಕಡೆಯವರು ಪರಸ್ಪರ ಕೊಡಬೇಕಾಗಿದ್ದರೆ, ಇಲ್ಲವೇ ಎಷ್ಟು ವಿಚಾರಣೆ ನಡೆಸಿದರೂ ತೀರದ ಸಂಶಯವೊಂದನ್ನು ರಾಜಿಯಲ್ಲಿ ಮುಗಿಸಬೇಕಾಗಿದ್ದರೆ ಮಾತ್ರ ಕರಾರಿನ ಕಡೆ ನೋಡಬೇಕು.

ಹಿನ್ನೆಲೆ, ಚುಟುಕಾಗಿ

ಭಾರತದ ಓದುಗರಿಗೆ ಈ ವಿಂಗಡಣೆಯೇ ಹೊಸದೆನಿಸಬಹುದು. ನಮ್ಮಲ್ಲಿ ಸರ್ಕಾರ ಮಾಡಿಕೊಳ್ಳುವ ಕರಾರಿಗೆ ಸಂವಿಧಾನದ 299ನೇ ವಿಧಿಯ ನಮೂನೆ ಬೇಕಾದರೂ, ಅದರ ಒಳಗಿನ ಕಾನೂನು 1872ರ ಕರಾರು ಅಧಿನಿಯಮವೇ. ಆಡಳಿತದ ಕರಾರುಗಳಿಗೆಂದೇ ಬೇರೊಂದು ಸಂಹಿತೆ ಇಲ್ಲ. ಜರ್ಮನಿಯಲ್ಲಿ ಸಾರ್ವಜನಿಕ ಕಾನೂನು ಮತ್ತು ಖಾಸಗಿ ಕಾನೂನುಗಳ ನಡುವಿನ ಗೆರೆ ಬಹಳ ಗಟ್ಟಿಯಾದದ್ದು. ಪ್ರಭುತ್ವ ಮತ್ತು ಪ್ರಜೆ ಸಮಾನರಲ್ಲ, ಹಾಗಾಗಿ ಅವರ ನಡುವೆ ಸಾರ್ವಜನಿಕ ಕಾನೂನಿನ ಕ್ಷೇತ್ರದಲ್ಲಿ ನಿಜವಾದ ಕರಾರು ಸಾಧ್ಯವೇ ಇಲ್ಲ ಎಂದು ಆಡಳಿತ ಕಾನೂನಿನ ಪ್ರಮುಖ ವಿದ್ವಾಂಸ ಆಟೊ ಮೇಯರ್ 1888ರಲ್ಲೇ ವಾದಿಸಿದ್ದರು. ಆ ಅಪನಂಬಿಕೆ ಕರಗಲು ಬಹಳ ಕಾಲ ಹಿಡಿಯಿತು. 1976ರಲ್ಲಿ ಅಂಗೀಕಾರವಾಗಿ 1977ರ ಜನವರಿ 1ರಿಂದ ಜಾರಿಗೆ ಬಂದ ಆಡಳಿತ ಕಾರ್ಯವಿಧಾನ ಕಾಯಿದೆ ತನ್ನ 54ರಿಂದ 62ರವರೆಗಿನ ಕಲಂಗಳಲ್ಲಿ ಇಂಥ ಕರಾರನ್ನು ಆದೇಶದ ಪಕ್ಕದಲ್ಲೇ ಸಮಾನ ಸಾಧನವಾಗಿ ಕೂರಿಸಿತು. ಈ ಕಾಯಿದೆ ಒಕ್ಕೂಟದ ಪ್ರಾಧಿಕಾರಗಳಿಗೆ ಅನ್ವಯಿಸುತ್ತದೆ. ರಾಜ್ಯಗಳು ಬಹುತೇಕ ಇದೇ ಒಕ್ಕಣೆಯ ತಮ್ಮ ಕಾಯಿದೆಗಳನ್ನು ಹೊಂದಿವೆ. ಹಳೆಯ ಅಪನಂಬಿಕೆಯ ಗುರುತು ಮಾತ್ರ ಉಳಿದಿದೆ: ಕರಾರಿಗೆ ಅವಕಾಶ ಕೊಟ್ಟ ಕೈಯೇ ಅದರ ಸುತ್ತ ಬೇಲಿಯನ್ನೂ ಹಾಕಿದೆ.

ಎರಡು ಬಗೆಯ ಕರಾರುಗಳ ನಡುವೆ

ಸಹಿ ಹಾಕುವವರಲ್ಲಿ ಒಬ್ಬರು ಸರ್ಕಾರವಾದ ಮಾತ್ರಕ್ಕೆ ಕರಾರು ಸಾರ್ವಜನಿಕ ಕಾನೂನಿನದ್ದಾಗುವುದಿಲ್ಲ. ಕರಾರಿನ ವಿಷಯ ಯಾವ ಕಾನೂನಿನ ಕ್ಷೇತ್ರಕ್ಕೆ ಸೇರಿದೆ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಪೊಲೀಸ್ ಇಲಾಖೆ ಗಸ್ತಿಗೆ ಕಾರು ಕೊಂಡರೆ, ಕಚೇರಿಗೆ ಕಾಗದ ತರಿಸಿದರೆ ಅದು ಖಾಸಗಿ ಕಾನೂನಿನ ಖರೀದಿ. ದೊಡ್ಡ ಮೊತ್ತವಾದರೆ ಟೆಂಡರ್ ನಿಯಮಗಳು ಜೊತೆಗೆ ಬರುತ್ತವೆ, ಅಷ್ಟೇ. ಆದರೆ ಅದೇ ಊರಿನ ಸ್ಥಳೀಯ ಸಂಸ್ಥೆ ಬಡಾವಣೆಯ ರಸ್ತೆ, ಚರಂಡಿಗಳನ್ನು ನಿರ್ಮಿಸಿಕೊಡುವ ಹೊಣೆಯನ್ನು ಅಭಿವೃದ್ಧಿದಾರರಿಗೆ ವಹಿಸಿದರೆ, ಆ ಕೆಲಸವೇ ಸಾರ್ವಜನಿಕ ಕಾನೂನು ಸಂಸ್ಥೆಯ ಮೇಲೆ ಹೊರಿಸಿದ ಕರ್ತವ್ಯವಾದ್ದರಿಂದ ಕರಾರೂ ಆ ಕ್ಷೇತ್ರಕ್ಕೇ ಸೇರುತ್ತದೆ.

ಸಾಲರೂಪದ ಸರ್ಕಾರಿ ನೆರವಿನಲ್ಲಿ ಎರಡೂ ಒಟ್ಟಿಗೆ ಬರುವುದುಂಟು. ನೆರವು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಆಡಳಿತಾತ್ಮಕ ಆದೇಶದಿಂದ ಆಗುತ್ತದೆ, ಆಮೇಲೆ ಬ್ಯಾಂಕಿನ ಜೊತೆಗಿನ ಸಾಲಪತ್ರ ಖಾಸಗಿ ಕಾನೂನಿನಂತೆ ನಡೆಯುತ್ತದೆ. ಎರಡು ಹಂತಗಳ ಸಿದ್ಧಾಂತ ಎಂದೇ ಇದಕ್ಕೆ ಹೆಸರು. ಮಂಜೂರಾತಿ ತಪ್ಪಿದರೆ ಆಡಳಿತ ನ್ಯಾಯಾಲಯ, ಕಂತಿನ ಜಗಳಕ್ಕೆ ಸಿವಿಲ್ ನ್ಯಾಯಾಲಯ.

ಆಯ್ಕೆಯ ಸ್ವಾತಂತ್ರ್ಯ ಇಲ್ಲಿ ಕಡಿಮೆ. ಕರಾರಿನ ತಲೆಬರಹ ಏನೇ ಇರಲಿ, ಒಳಗಿನ ವಿಷಯವೇ ಅದರ ಕುಲವನ್ನು ನಿರ್ಧರಿಸುತ್ತದೆ. ಹಾಗಾಗಿ ನಿಜವಾದ ಆಯ್ಕೆ ಉಳಿಯುವುದು ಆದೇಶ ಮತ್ತು ಸಾರ್ವಜನಿಕ ಕಾನೂನಿನ ಕರಾರುಗಳ ನಡುವೆ.

ತಪ್ಪಾದಾಗ ಏನಾಗುತ್ತದೆ

ಹೋಲಿಕೆಯ ತಿರುಳು ಇಲ್ಲಿದೆ ಎಂದು ನನಗನಿಸುತ್ತದೆ. ಆದೇಶ ಕಾನೂನಿಗೆ ವಿರುದ್ಧವಾಗಿದ್ದರೂ, ತಪ್ಪು ತೀರಾ ಗಂಭೀರವೂ ಕಣ್ಣಿಗೆ ರಾಚುವಂಥದ್ದೂ ಆಗಿರದಿದ್ದರೆ, ಅದು ಜಾರಿಯಲ್ಲೇ ಇರುತ್ತದೆ. ಅದನ್ನು ಪಡೆದವರು ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಆಕ್ಷೇಪಣೆಯ ಹಂತವನ್ನು ಬಹುಮಟ್ಟಿಗೆ ತೆಗೆದುಹಾಕಿರುವ ರಾಜ್ಯಗಳಲ್ಲಿ ಅಷ್ಟೇ ಅವಧಿಯಲ್ಲಿ ನೇರವಾಗಿ ದಾವೆ ಹೂಡಬೇಕು. ಆದೇಶದ ಕೊನೆಯಲ್ಲಿ ಪರಿಹಾರೋಪಾಯದ ತಿಳಿವಳಿಕೆ ಇರದಿದ್ದರೆ ಅಥವಾ ತಪ್ಪಾಗಿದ್ದರೆ ಆ ಅವಧಿ ಒಂದು ವರ್ಷಕ್ಕೆ ಏರುತ್ತದೆ. ಗಡುವು ಮೀರಿದ ಮೇಲೆ ತಪ್ಪು ಆದೇಶವೂ ಅಂತಿಮವೇ. ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ: ಆಡಳಿತ ಕಾರ್ಯವಿಧಾನ ಕಾಯಿದೆಯ 48 ಮತ್ತು 49ನೇ ಕಲಂಗಳ ಅಡಿಯಲ್ಲಿ ಪ್ರಾಧಿಕಾರವೇ ಆದೇಶವನ್ನು ಹಿಂತೆಗೆದುಕೊಳ್ಳಬಹುದು, ಹಾಗೆ ಮಾಡುವಾಗ ಆದೇಶವನ್ನು ನಂಬಿ ನಡೆದವರ ಹಿತವನ್ನು ತೂಗಿ ನೋಡಬೇಕು.

ಕರಾರಿನಲ್ಲಿ ಈ ಮಧ್ಯದ ದಾರಿಯೇ ಇಲ್ಲ. ಅದು ಶೂನ್ಯವಾಗಿರಬೇಕು ಅಥವಾ ಇಬ್ಬರನ್ನೂ ಪೂರ್ತಿಯಾಗಿ ಕಟ್ಟಿಹಾಕಬೇಕು. ಯಾವಾಗ ಶೂನ್ಯ ಎಂಬುದನ್ನು 59ನೇ ಕಲಂ ಹೇಳುತ್ತದೆ. ಸಿವಿಲ್ ಸಂಹಿತೆಯ ಪ್ರಕಾರ ಕರಾರನ್ನು ಶೂನ್ಯಗೊಳಿಸುವ ಕಾರಣಗಳು ಇಲ್ಲಿಗೂ ಸಲ್ಲುತ್ತವೆ. ಆದೇಶದ ಬದಲಿಗೆ ಮಾಡಿಕೊಂಡ ಕರಾರಾದರೆ ಇನ್ನೂ ನಾಲ್ಕು ಕಾರಣಗಳಿವೆ: ಅದೇ ಒಳವಿಷಯದ ಆದೇಶವಿದ್ದಿದ್ದರೆ ಅದು ಶೂನ್ಯವಾಗುತ್ತಿತ್ತು, ಅಂಥ ಆದೇಶ ಕೇವಲ ವಿಧಾನದ ಲೋಪಕ್ಕಲ್ಲದೆ ಒಳವಿಷಯದಲ್ಲೇ ಕಾನೂನುಬಾಹಿರವಾಗುತ್ತಿತ್ತು ಮತ್ತು ಅದು ಇಬ್ಬರಿಗೂ ಗೊತ್ತಿತ್ತು, ರಾಜಿಗೆ ಬೇಕಾದ ಷರತ್ತುಗಳು ಇರಲಿಲ್ಲ, ಪ್ರಾಧಿಕಾರ ಕೇಳಬಾರದ ಪ್ರತಿಫಲವನ್ನು ಬರೆಸಿಕೊಂಡಿತು. ಈ ಕಾರಣಗಳ ಹೊರಗೆ ಬೀಳುವ ಕಾನೂನುಬಾಹಿರ ಕರಾರು ಸಿಂಧುವಾಗಿಯೇ ಉಳಿಯುತ್ತದೆ. ಒಂದು ತಿಂಗಳ ಆಕ್ಷೇಪಣೆ ಎಂಬುದು ಇಲ್ಲಿಲ್ಲ. ಸಹಿ ಹಾಕುವ ಮೊದಲಿನ ಪರಿಶೀಲನೆಯೇ ನಾಗರಿಕನಿಗೆ ಸಿಗುವ ಮುಖ್ಯ ರಕ್ಷಣೆ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಇದರ ಇನ್ನೊಂದು ಮುಖವೂ ಇದೆ. ಶೂನ್ಯವಾದ ಕರಾರಿಗೆ ಒಂದು ತಿಂಗಳ ಗಡುವಿನ ರಕ್ಷಣೆ ಪ್ರಾಧಿಕಾರಕ್ಕೂ ಇಲ್ಲ. ಮಕ್ಕಳ ಆಟದ ಮೈದಾನಗಳಿಗೆ ಸಂಬಂಧಿಸಿದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಲಿ ಏನನ್ನು ಕಟ್ಟಬಹುದು ಎಂದು ಸ್ಥಳೀಯ ಸಂಸ್ಥೆ ಗೊತ್ತುಮಾಡುವ ಕಟ್ಟಡ ಯೋಜನೆಗೆ ತಮ್ಮ ನಿವೇಶನವನ್ನು ಸೇರಿಸಿಕೊಳ್ಳಲಿ ಎಂದು ಒಬ್ಬರು ಆ ಸಂಸ್ಥೆಗೆ ಹಣ ಕೊಡಲು ಒಪ್ಪಿದ್ದರು. ರಸ್ತೆ, ಚರಂಡಿಯ ಶುಲ್ಕವನ್ನು ವಿಧಿಸುವ ಅವಕಾಶ ಆ ಹೊತ್ತಿಗೆ ಸಂಸ್ಥೆಗೆ ಉಳಿದಿರಲಿಲ್ಲ, ಅದರ ಬದಲಿಗೆ ಈ ಹಣವನ್ನು ಮೈದಾನಗಳ ನಿರ್ವಹಣೆಗೆಂದು ಬರೆಸಿಕೊಳ್ಳಲಾಗಿತ್ತು. ಒಕ್ಕೂಟ ಆಡಳಿತ ನ್ಯಾಯಾಲಯ 2000ರ ಮೇ 16ರ ತೀರ್ಪಿನಲ್ಲಿ ಆ ಕರಾರನ್ನು ಶೂನ್ಯವೆಂದಿತು. ಸಂಸ್ಥೆ ಯೋಜನೆಯನ್ನು ಮಾಡಿಯೇ ಮುಗಿಸಿದೆ, ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ವಾಪಸು ಕೇಳುವುದು ಸದ್ಭಾವನೆಗೆ ವಿರುದ್ಧವಾಗುವುದಿಲ್ಲ ಎಂದೂ ಅದು ಹೇಳಿತು. ಅಂದರೆ ಭೂಮಾಲೀಕರ ಕೈಯಲ್ಲಿ ಕಟ್ಟಡದ ಹಕ್ಕು ಉಳಿದು, ಸಂಸ್ಥೆ ಹಣ ಹಿಂದಿರುಗಿಸಬೇಕಾಗಬಹುದು. ದುರಾಸೆಯ ಷರತ್ತು ಹಾಕುವ ಪುರಾಡಳಿತಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಏನನ್ನು ಕೇಳಬಹುದು, ಏನನ್ನು ಕೇಳಬಾರದು

ಕಾಯಿದೆ ಎರಡು ಮಾದರಿಗಳನ್ನು ವಿಶೇಷವಾಗಿ ಗುರುತಿಸಿದೆ. ಮೊದಲನೆಯದು 55ನೇ ಕಲಮಿನ ರಾಜಿ ಕರಾರು. ವಾಸ್ತವಾಂಶದಲ್ಲೋ ಕಾನೂನಿನಲ್ಲೋ ನಿಜವಾದ ಅನಿಶ್ಚಿತತೆ ಇರಬೇಕು, ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಅಣುವಿದ್ಯುತ್ತನ್ನು ನಿಲ್ಲಿಸುವ ಸರ್ಕಾರದ ತೀರ್ಮಾನಕ್ಕೆ ವಿದ್ಯುತ್ ಕಂಪನಿಗಳು ಕೇಳಿದ ಪರಿಹಾರದ ಜಗಳ ಮುಗಿದದ್ದು ಇಂಥದೊಂದು ಇತ್ಯರ್ಥದಿಂದ. ಸಂವಿಧಾನ ನ್ಯಾಯಾಲಯದಲ್ಲಿ ಎರಡು ಸುತ್ತು ನಡೆದ ಮೇಲೆ, 2021ರಲ್ಲಿ ಒಕ್ಕೂಟ ಸರ್ಕಾರ ಮತ್ತು ನಾಲ್ಕು ವಿದ್ಯುತ್ ಕಂಪನಿಗಳು ಸುಮಾರು 243 ಕೋಟಿ ಯೂರೊ ಪರಿಹಾರಕ್ಕೆ ಸಾರ್ವಜನಿಕ ಕಾನೂನಿನ ಕರಾರು ಮಾಡಿಕೊಂಡವು. ವಾಟನ್‌ಫಾಲ್ ಕಂಪನಿಯ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ದಾವೆಯೂ ಅದರೊಂದಿಗೆ ಕೊನೆಗೊಂಡಿತು. ಆದೇಶವೊಂದು ಮೊತ್ತವನ್ನು ನಿಗದಿಪಡಿಸಬಹುದಿತ್ತೇ ಹೊರತು ಎದುರಾಳಿಯ ದಾವೆಯನ್ನು ಹಿಂತೆಗೆಸಲಾಗುತ್ತಿರಲಿಲ್ಲ.

ಎರಡನೆಯದು 56ನೇ ಕಲಮಿನ ವಿನಿಮಯ ಕರಾರು. ನಾಗರಿಕರು ಎದುರುಗೊಳ್ಳುವುದು ಹೆಚ್ಚಾಗಿ ಇದನ್ನೇ. ಪ್ರಾಧಿಕಾರ ಕೇಳುವ ಪ್ರತಿಫಲ ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ಆ ಉದ್ದೇಶವನ್ನು ಕರಾರಿನಲ್ಲೇ ಬರೆಯಬೇಕು, ಅದು ಸಾರ್ವಜನಿಕ ಕರ್ತವ್ಯಕ್ಕೆ ನೆರವಾಗಬೇಕು, ಒಟ್ಟು ಪರಿಸ್ಥಿತಿಗೆ ತಕ್ಕ ಪ್ರಮಾಣದಲ್ಲಿರಬೇಕು, ಪ್ರಾಧಿಕಾರ ಕೊಡುವ ವಿಷಯಕ್ಕೂ ಅದಕ್ಕೂ ನೇರ ಸಂಬಂಧ ಇರಬೇಕು. ಸಂಬಂಧವಿಲ್ಲದ ಎರಡನ್ನು ಗಂಟುಹಾಕುವುದಕ್ಕೆ ನಿಷೇಧವಿದೆ. ಮೈದಾನದ ಪ್ರಕರಣದಲ್ಲಿ ಮುರಿದದ್ದು ಅದೇ. ಇನ್ನೊಂದು ಮಾತು ಇನ್ನೂ ಮುಖ್ಯವಾದದ್ದು. ನಾಗರಿಕನಿಗೆ ಪರವಾನಗಿ ಹಕ್ಕಿನಿಂದಲೇ ಸಿಗಬೇಕಾಗಿದ್ದರೆ, ಆದೇಶದಲ್ಲಿ ಷರತ್ತಾಗಿ ಹಾಕಬಹುದಾದಷ್ಟನ್ನು ಮಾತ್ರ ಕರಾರಿನಲ್ಲಿ ಕೇಳಬಹುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಬ್ಬರ ನಿವೇಶನ ಈಗಾಗಲೇ ವಸತಿ ಯೋಜನೆಯಲ್ಲಿದೆ, ನಕ್ಷೆ ನಿಯಮಕ್ಕೆ ಸರಿಯಾಗಿದೆ. ಆಗ ಶಿಶುವಿಹಾರಕ್ಕೆ ದೇಣಿಗೆ ಕೊಟ್ಟರೆ ಪರವಾನಗಿ ಎಂದು ಕೇಳುವಂತಿಲ್ಲ, ಏಕೆಂದರೆ ಪರವಾನಗಿ ಅವರ ಹಕ್ಕು. ಇನ್ನೊಬ್ಬರದು ಹೊಲ, ಅದನ್ನು ನೂರು ಮನೆಗಳ ಬಡಾವಣೆಗೆ ತೆರೆಯಬೇಕೆಂದು ಅವರು ಬಯಸುತ್ತಾರೆ. ಕಟ್ಟಡ ಯೋಜನೆ ಮಾಡಿಕೊಡಿ ಎಂಬ ಹಕ್ಕು ಯಾರಿಗೂ ಇಲ್ಲ, ಕರಾರಿನಿಂದಲೂ ಅಂಥ ಹಕ್ಕನ್ನು ಹುಟ್ಟಿಸುವಂತಿಲ್ಲ ಎಂದು ಕಟ್ಟಡ ಸಂಹಿತೆಯ 1ನೇ ಕಲಂ ಹೇಳುತ್ತದೆ. ಇಲ್ಲಿ ಆ ನೂರು ಮನೆಗಳ ಮಕ್ಕಳಿಂದ ಹೆಚ್ಚಾಗುವ ಶಿಶುವಿಹಾರದ ಖರ್ಚನ್ನು ಲೆಕ್ಕ ಹಾಕಿ, ಅಷ್ಟನ್ನು ಮಾಲೀಕರು ಭರಿಸಲಿ ಎಂದು ಕೇಳಬಹುದು. ಊರಿನಲ್ಲಿ ಮೊದಲೇ ಇದ್ದ ಕೊರತೆಯನ್ನು ಅವರ ತಲೆಗೆ ಕಟ್ಟುವಂತಿಲ್ಲ. ಇಂಥ ವೆಚ್ಚದ ಕರಾರುಗಳಿಗೆ ಒಕ್ಕೂಟ ಆಡಳಿತ ನ್ಯಾಯಾಲಯ 1973ರಲ್ಲೇ ಮಿತಿಗಳನ್ನು ಹಾಕಿತ್ತು; ಇಂದು ಅವುಗಳ ನೆಲೆ ಕಟ್ಟಡ ಸಂಹಿತೆಯ 11ನೇ ಕಲಂ.

ಮ್ಯೂನಿಕ್ ನಗರ 1994ರಿಂದ ನಡೆಸಿಕೊಂಡು ಬಂದಿರುವ ಸಾಮಾಜಿಕ ನ್ಯಾಯದ ಭೂಬಳಕೆ ನೀತಿ ಈ ಕಲಮಿನ ದೊಡ್ಡ ಪ್ರಯೋಗ. ಯೋಜನೆಯಿಂದ ಭೂಮಿಯ ಬೆಲೆ ಏರಿದಾಗ ಮಾಲೀಕರು ರಸ್ತೆ, ಶಿಶುವಿಹಾರ, ಕಡಿಮೆ ಬಾಡಿಗೆಯ ಮನೆಗಳ ಹೊರೆಯಲ್ಲಿ ಪಾಲು ಹೊರಬೇಕು, ಆದರೆ ಆ ಏರಿಕೆಯ ಮೂರನೇ ಒಂದು ಭಾಗವಾದರೂ ಅವರಿಗೆ ಉಳಿಯಬೇಕು ಎಂಬುದು ಅದರ ಮೂಲ ಸೂತ್ರವಾಗಿತ್ತು. ಎಲ್ಲರಿಗೂ ಒಂದೇ ಅಳತೆ, ಅದೂ ಮೊದಲೇ ಪ್ರಕಟವಾದದ್ದು. ಪ್ರತಿ ಪ್ರಕರಣದಲ್ಲೂ ಹೊಸದಾಗಿ ಚೌಕಾಸಿ ಮಾಡುವ ಊರುಗಳಿಗಿಂತ ಈ ದಾರಿ ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಗೋಪ್ಯ ಚೌಕಾಸಿಯಲ್ಲಿ ಗೆಲ್ಲುವವರು ದೊಡ್ಡ ಅಭಿವೃದ್ಧಿದಾರರು, ಸೋಲುವವರು ಒಂದೆರಡು ನಿವೇಶನದ ಮಾಲೀಕರು.

ಜಾರಿ, ಬದಲಾವಣೆ, ನಷ್ಟ

ಆದೇಶದ ಬಲ ಪ್ರಾಧಿಕಾರದ ಕೈಯಲ್ಲೇ ಇದೆ. ಹಣ ಕಟ್ಟದಿದ್ದರೆ ನ್ಯಾಯಾಲಯದ ಡಿಕ್ರಿ ಇಲ್ಲದೆ ಅದೇ ವಸೂಲಿ ಮಾಡಬಹುದು. ಕರಾರಿಗೆ ಸಹಿ ಹಾಕಿದ ಮೇಲೆ ಪ್ರಾಧಿಕಾರ ಆ ಸೌಲಭ್ಯವನ್ನು ಬಿಟ್ಟುಕೊಟ್ಟಂತೆ. ಕರಾರಿನ ಬಾಕಿಗೆ ಅದು ಆದೇಶ ಹೊರಡಿಸುವಂತಿಲ್ಲ, ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ನಾಗರಿಕನ ಮಟ್ಟಿಗೆ ಇದು ಕರಾರಿನ ದೊಡ್ಡ ಲಾಭ. ಆದ್ದರಿಂದಲೇ ಕರಡಿನ ಕೊನೆಯ ಪುಟಗಳಲ್ಲಿ ತಕ್ಷಣದ ಜಾರಿಗೆ ಒಳಪಡುತ್ತೇನೆ ಎಂಬ ಸಾಲು ಇದೆಯೇ ಎಂದು ಹುಡುಕಿ ನೋಡಬೇಕು. 61ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ, ಮತ್ತು ಆ ಒಂದು ಸಾಲಿನಿಂದ ಈ ಲಾಭವೆಲ್ಲ ಕೈಬಿಡುತ್ತದೆ. ಬೇಕೇಬೇಕೆಂದು ಪ್ರಾಧಿಕಾರ ಹಟ ಹಿಡಿದರೆ ಅದೂ ತನ್ನ ಪಾಲಿನ ಹೊಣೆಗೆ ಅದೇ ರೀತಿ ಒಳಪಡಲಿ ಎಂದು ಕೇಳುವುದು ನ್ಯಾಯವೇ.

ನಷ್ಟ ಪರಿಹಾರದಲ್ಲೂ ಕರಾರಿನ ಕೈ ಮೇಲು. 62ನೇ ಕಲಮಿನ ಮೂಲಕ ಸಿವಿಲ್ ಸಂಹಿತೆ ಪೂರಕವಾಗಿ ಅನ್ವಯವಾಗುವುದರಿಂದ, ಕರಾರು ಮುರಿದ ಪ್ರಾಧಿಕಾರವೇ ತನ್ನ ತಪ್ಪಿಲ್ಲವೆಂದು ತೋರಿಸಬೇಕಾಗುತ್ತದೆ, ಮೊಕದ್ದಮೆಯೂ ಆಡಳಿತ ನ್ಯಾಯಾಲಯದಲ್ಲೇ ನಡೆಯುತ್ತದೆ. ತಪ್ಪು ಆದೇಶದಿಂದಾದ ನಷ್ಟಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಅಧಿಕಾರಿಯ ತಪ್ಪನ್ನು ನಾಗರಿಕನೇ ಸಾಬೀತುಪಡಿಸಬೇಕು.

ಕಾಲಾಂತರದಲ್ಲಿ ಪರಿಸ್ಥಿತಿ ಬದಲಾದರೆ 60ನೇ ಕಲಂ ನೆರವಿಗೆ ಬರುತ್ತದೆ. ಕರಾರಿನ ಆಧಾರವಾಗಿದ್ದ ಸಂಗತಿಗಳು ಗಣನೀಯವಾಗಿ ಬದಲಾಗಿ, ಹಳೆಯ ಮಾತಿಗೇ ಅಂಟಿಕೊಳ್ಳುವುದು ಸಹಿಸಲಾಗದಂತಾದರೆ, ಯಾರು ಬೇಕಾದರೂ ಹೊಂದಾಣಿಕೆ ಕೇಳಬಹುದು. ಅದು ಸಾಧ್ಯವಾಗದಿದ್ದರೆ ಕರಾರನ್ನು ಕೊನೆಗೊಳಿಸಬಹುದು. ಸಾರ್ವಜನಿಕ ಹಿತಕ್ಕೆ ಬರುವ ತೀವ್ರ ಹಾನಿಯನ್ನು ತಡೆಯಲು ಕೊನೆಗೊಳಿಸುವ ಹೆಚ್ಚುವರಿ ಹಕ್ಕು ಪ್ರಾಧಿಕಾರಕ್ಕೆ ಮಾತ್ರ ಇದೆ. ಸಮಾನರ ನಡುವಿನ ಕರಾರು ಎಂಬ ಚಿತ್ರ ಇಲ್ಲಿ ಸ್ವಲ್ಪ ಬಿರುಕು ಬಿಡುತ್ತದೆ.

ನಮೂನೆಯ ವಿಷಯ ಬೇಗ ಹೇಳಿ ಮುಗಿಸಬಹುದು. ಕರಾರು ಲಿಖಿತವಾಗಿರಬೇಕು. ಭೂಮಿ ಹಸ್ತಾಂತರದ ಹೊಣೆ ಒಳಗಿದ್ದರೆ ನೋಟರಿಯ ಮುಂದೆ ಆಗಬೇಕು. ನೆರೆಯವರ ಹಕ್ಕಿಗೆ ಧಕ್ಕೆಯಾಗುವಂತಿದ್ದರೆ 58ನೇ ಕಲಮಿನಂತೆ ಅವರ ಲಿಖಿತ ಒಪ್ಪಿಗೆ ಬರುವವರೆಗೆ ಕರಾರು ಜಾರಿಯಾಗುವುದಿಲ್ಲ. ಆದೇಶಕ್ಕೆ ನೆರೆಯವರ ಒಪ್ಪಿಗೆ ಬೇಕಿಲ್ಲ, ಅವರೇ ಬಂದು ಪ್ರಶ್ನಿಸಬೇಕು. ನೆರೆಯವರ ವಿರೋಧ ಖಚಿತವಾಗಿರುವ ಕಡೆ ಕರಾರಿನ ದಾರಿ ಹಿಡಿದರೆ ವ್ಯವಹಾರ ಅಲ್ಲೇ ನಿಂತೀತು.

ಕಲ್ಲಿದ್ದಲಿನಲ್ಲಿ ಎರಡು ದಾರಿ

ಒಂದೇ ಗುರಿಗೆ ಎರಡು ಬೇರೆ ಸಾಧನಗಳನ್ನು ಬಳಸಿದ ಸ್ಪಷ್ಟ ಉದಾಹರಣೆ ಬೇಕಿದ್ದರೆ ಜರ್ಮನಿಯ ಕಲ್ಲಿದ್ದಲು ವಿದಾಯವನ್ನು ನೋಡಬೇಕು. 2020ರ ಆಗಸ್ಟ್‌ನ ಕಾನೂನು 2038ರೊಳಗೆ ಕಲ್ಲಿದ್ದಲಿನ ವಿದ್ಯುತ್ತನ್ನು ನಿಲ್ಲಿಸಬೇಕೆಂದಿತು. ಗಟ್ಟಿ ಕಲ್ಲಿದ್ದಲಿನ ಸ್ಥಾವರಗಳ ಮಾಲೀಕರು ಹಲವರು, ಹಾಗಾಗಿ ಹರಾಜಿಗೆ ದಾರಿಯಿತ್ತು. ಎಷ್ಟು ಪರಿಹಾರ ಕೊಟ್ಟರೆ ಸ್ಥಾವರ ಮುಚ್ಚುತ್ತೀರಿ ಎಂದು ವಿದ್ಯುತ್ ಮುಂತಾದ ಜಾಲಗಳನ್ನು ನಿಯಂತ್ರಿಸುವ ಒಕ್ಕೂಟದ ಸಂಸ್ಥೆ ಬಿಡ್ ಕರೆಯಿತು. 2020ರ ಮೊದಲ ಸುತ್ತಿನಲ್ಲಿ ಮೆಗಾವ್ಯಾಟ್‌ಗೆ 1,65,000 ಯೂರೊ ಗರಿಷ್ಠ ಮಿತಿಯಿತ್ತು. ಹರಾಜಿನಲ್ಲಿ ಮುಚ್ಚದೆ ಉಳಿದವುಗಳಿಗೆ ಮುಂದೆ ಪರಿಹಾರವಿಲ್ಲದ ಆಜ್ಞೆ ಬರುತ್ತದೆ ಎಂಬ ಒತ್ತಡವೂ ಹಿಂದೆ ಇತ್ತು.

ಕಂದು ಕಲ್ಲಿದ್ದಲಿನಲ್ಲಿ ಈ ದಾರಿ ನಡೆಯುತ್ತಿರಲಿಲ್ಲ. ರೈನ್‌ಲ್ಯಾಂಡ್‌ನಲ್ಲಿ ಆರ್‌ಡಬ್ಲ್ಯುಇ, ಲಾಸಿಟ್ಸ್‌ನಲ್ಲಿ ಎಲ್‌ಇಎಜಿ ಎಂಬ ಎರಡು ಕಂಪನಿಗಳದ್ದೇ ಬಹುಪಾಲು. ಗಣಿ ಮತ್ತು ಸ್ಥಾವರ ಒಂದಕ್ಕೊಂದು ಬೆಸೆದುಕೊಂಡಿವೆ, ಒಂದನ್ನು ಮುಚ್ಚಿದರೆ ಇನ್ನೊಂದರ ಲೆಕ್ಕ ಕೆಡುತ್ತದೆ. ಆದ್ದರಿಂದ ಮುಚ್ಚುವ ದಿನಾಂಕಗಳನ್ನು ಕಾನೂನಿನಲ್ಲೇ ಬರೆದು, ಜೊತೆಗೆ 2021ರ ಫೆಬ್ರುವರಿಯಲ್ಲಿ ಸಾರ್ವಜನಿಕ ಕಾನೂನಿನ ಕರಾರಿಗೆ ಸಹಿ ಹಾಕಲಾಯಿತು. ಆರ್‌ಡಬ್ಲ್ಯುಇಗೆ 260 ಕೋಟಿ ಯೂರೊ, ಎಲ್‌ಇಎಜಿ ಕಡೆಗೆ 175 ಕೋಟಿ ಯೂರೊ. ಪ್ರತಿಯಾಗಿ ಕಂಪನಿಗಳು ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಟ್ಟವು. ಸರ್ಕಾರ ಕೊಂಡದ್ದು ಬಹುಮಟ್ಟಿಗೆ ಆ ಕಾನೂನು ನೆಮ್ಮದಿಯನ್ನೇ. ಅದರ ಬೆಲೆ ಹಣದಲ್ಲಿ ಮಾತ್ರವಲ್ಲ, ಸಮಯದಲ್ಲೂ ಬಿತ್ತು. ಸರ್ಕಾರಿ ನೆರವಿನ ನಿಯಮದಂತೆ ಯುರೋಪಿಯನ್ ಆಯೋಗದ ಅನುಮೋದನೆ ಬೇಕಿತ್ತು, ಆರ್‌ಡಬ್ಲ್ಯುಇ ಪಾಲಿಗೆ ಅದು ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. ಎದುರಿಗಿರುವವರು ಒಬ್ಬಿಬ್ಬರೇ ಆಗಿದ್ದು, ಅವರ ಸಹಕಾರ ದಶಕಗಟ್ಟಲೆ ಬೇಕಾಗಿದ್ದರೆ ಕರಾರು ಸರಿ. ಹಲವರಿದ್ದು ಪೈಪೋಟಿ ಸಾಧ್ಯವಿದ್ದರೆ ಹರಾಜು ಮತ್ತು ಆಜ್ಞೆಗಳೇ ಅಗ್ಗ ಎಂದು ಈ ಎರಡನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುತ್ತದೆ.

ಕರಾರು ಸಲ್ಲದ ಕಡೆಗಳು

ತೆರಿಗೆಯಲ್ಲಿ ಎಷ್ಟು ಕಟ್ಟಬೇಕು ಎಂಬುದನ್ನು ಕರಾರಿನಿಂದ ನಿರ್ಧರಿಸುವಂತಿಲ್ಲ. ಪತ್ತೆಹಚ್ಚಲು ಕಷ್ಟವಾದ ವಾಸ್ತವಾಂಶದ ಬಗ್ಗೆ ಮಾತ್ರ ಒಮ್ಮತಕ್ಕೆ ಬರುವುದನ್ನು ಒಕ್ಕೂಟ ತೆರಿಗೆ ನ್ಯಾಯಾಲಯ 1984ರಲ್ಲಿ ಒಪ್ಪಿತು. ಸಾಮಾಜಿಕ ಭದ್ರತೆಯಲ್ಲಿ ಪ್ರಾಧಿಕಾರಕ್ಕೆ ವಿವೇಚನೆ ಇರುವ ಸೌಲಭ್ಯಗಳಿಗೆ ಮಾತ್ರ ಆದೇಶದ ಬದಲು ಕರಾರು ನಡೆಯುತ್ತದೆ. ನಿರುದ್ಯೋಗಿಗಳ ಜೊತೆ ಅವರಿಗೆ ನೆರವು ಕೊಡುವ ಸರ್ಕಾರಿ ಕಚೇರಿಗಳಾದ ಜಾಬ್‌ಸೆಂಟರ್‌ಗಳು ಮಾಡಿಕೊಳ್ಳುತ್ತಿದ್ದ ಒಪ್ಪಂದಗಳ ಕಥೆ ಇಲ್ಲಿ ನೆನಪಿಡಬೇಕಾದದ್ದು. ಕೆಲಸಕ್ಕಾಗಿ ಇಷ್ಟು ಅರ್ಜಿಗಳನ್ನು ಹಾಕಲೇಬೇಕು ಎಂದು ಬರೆಸಿಕೊಂಡು, ಅವುಗಳ ಖರ್ಚಿಗೆ ನಿರ್ದಿಷ್ಟ ನೆರವನ್ನು ಬರೆದುಕೊಡದ ಒಪ್ಪಂದವನ್ನು ಒಕ್ಕೂಟ ಸಾಮಾಜಿಕ ನ್ಯಾಯಾಲಯ 2016ರಲ್ಲಿ ಶೂನ್ಯವೆಂದಿತು. 2023ರ ಜುಲೈಯಿಂದ ಆ ಜಾಗದಲ್ಲಿ ಕರಾರಲ್ಲದ ಸಹಕಾರ ಯೋಜನೆ ಬಂದಿದೆ. ಬದುಕಿನ ಆಸರೆಯೇ ಎದುರು ಕಡೆಯವರ ಕೈಯಲ್ಲಿರುವಾಗ ಸಹಿ ಹಾಕುವವರ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆ ಎನ್ನಲಾಗದು. ಅಂಥ ಕಡೆ ಗಡುವು, ಕಾರಣ, ಆಕ್ಷೇಪಣೆಯ ಹಕ್ಕು ಎಲ್ಲವೂ ಇರುವ ಆದೇಶವೇ ದುರ್ಬಲರ ಪರವಾದದ್ದು.

ಮುಂದೆ ಪರವಾನಗಿ ಸಿಗುತ್ತದೆ ಎಂಬ ಖಾತ್ರಿಯೊಂದೇ ಬೇಕಾಗಿದ್ದು, ಅದಕ್ಕಾಗಿ ಕರಾರಿನ ಕರಡು ಸಿದ್ಧಪಡಿಸಲು ಹೊರಟವರು ಆಡಳಿತ ಕಾರ್ಯವಿಧಾನ ಕಾಯಿದೆಯ 38ನೇ ಕಲಮನ್ನು ಓದುವುದು ಒಳ್ಳೆಯದು. ಇಂಥ ಆದೇಶವನ್ನು ಹೊರಡಿಸುತ್ತೇವೆ ಎಂದು ಅಧಿಕಾರವುಳ್ಳ ಪ್ರಾಧಿಕಾರ ಬರವಣಿಗೆಯಲ್ಲಿ ಕೊಡುವ ಭರವಸೆ ಅದನ್ನು ಕಟ್ಟಿಹಾಕುತ್ತದೆ, ನಾಗರಿಕ ಏನನ್ನೂ ಪ್ರತಿಯಾಗಿ ಕೊಡಬೇಕಿಲ್ಲ. ಆದರೆ ಆಮೇಲೆ ಸಂಗತಿಗಳೋ ಕಾನೂನೋ ಬದಲಾಗಿ, ಆ ಬದಲಾವಣೆ ಮೊದಲೇ ಗೊತ್ತಿದ್ದರೆ ಪ್ರಾಧಿಕಾರ ಭರವಸೆ ಕೊಡುತ್ತಿರಲಿಲ್ಲ ಎಂಬ ಸ್ಥಿತಿ ಬಂದರೆ, ಭರವಸೆಯ ಬಲ ಹೋಗುತ್ತದೆ. ಒಂದೆರಡು ವರ್ಷದಲ್ಲಿ ಮುಗಿಯುವ ಕಟ್ಟಡಕ್ಕೆ ಅಷ್ಟು ಸಾಕು. ಇಪ್ಪತ್ತು ವರ್ಷದ ಬಡಾವಣೆಗೆ ಸಾಲದು.